ಕ್ರೈಸ್ತ ಶಾಲೆಯಲ್ಲಿ ಒಂದು ಮಗುವಿನ ಓದಿನ ಖರ್ಚು ಹೊರುವುದು ಹೇಗೆ?

ಏಪ್ರಿಲ್ ಬಂತೆಂದರೆ ಮಂಗಳೂರು, ಉಡುಪಿ, ಕಾರವಾರದ ಕಡೆಯ ಚರ್ಚ್‌ಗಳಲ್ಲಿ ಪೂಜೆ ಮುಗಿದ ಮೇಲೆ ಈ ಪ್ರಕಟಣೆ ಕೇಳಿಬರುತ್ತದೆ: ತಂದೆ ತೀರಿಕೊಂಡ ಇಂಥ ಮಗುವಿನ ಓದಿಗೆ ಯಾರಾದರೂ ಮುಂದೆ ಬನ್ನಿ. ಬರುವವರಿಗೆ ಕೊರತೆಯಿಲ್ಲ. ಗಲ್ಫ್‌ನಲ್ಲಿ ದುಡಿಯುವ ಮಗ ತಾಯಿಯ ನೆನಪಿಗೆಂದು ಕೊಡುತ್ತಾನೆ, ನಿವೃತ್ತ ಟೀಚರ್ ಪಿಂಚಣಿಯಲ್ಲಿ ಎತ್ತಿಟ್ಟು ಕೊಡುತ್ತಾರೆ, ಮದುವೆಯ ಬೆಳ್ಳಿಹಬ್ಬದ ದಂಪತಿ ಊಟದ ಖರ್ಚು ಉಳಿಸಿ ಕೊಡುತ್ತಾರೆ. ಮೊದಲ ವರ್ಷದ ಶುಲ್ಕ ಹೇಗೋ ಬಂದುಬಿಡುತ್ತದೆ. ಎಡವುವುದು ಮೂರನೇ ವರ್ಷದಲ್ಲಿ. ಕೊಡುವವರ ಮನೆಯಲ್ಲಿ ಏನೋ ತೊಂದರೆ, ಅತ್ತ ಹಾಸ್ಟೆಲ್ ಶುಲ್ಕ ಏರಿರುತ್ತದೆ, ಮಗು ಎಂಟನೇ ತರಗತಿಯ ನಡುವೆ ಟ್ರಂಕ್ ಹೊತ್ತುಕೊಂಡು ಊರಿಗೆ ಮರಳುತ್ತದೆ. ಯಾರ ಮನಸ್ಸೂ ಕೆಟ್ಟದ್ದಿರುವುದಿಲ್ಲ, ಶುರುವಿನಲ್ಲಿ ಲೆಕ್ಕ ಹಾಕಿರುವುದಿಲ್ಲ, ಅಷ್ಟೆ. ಈ ಜೂನ್‌ಗೆ ಒಂದು ಮಗುವಿನ ಓದು ಹೊರಲು ಯೋಚಿಸುತ್ತಿರುವವರು ಈಗಲೇ ಕುಳಿತು ಮಾಡಬೇಕಾದ ಕೆಲಸ ಇದು.

ಹಂತ 1: ಮಗು ಯಾರ ಜತೆ ಇದೆ ಎಂದು ಕೇಳಿ

‘ಅನಾಥ’ ಎಂದು ಹೇಳಿದ ಕೂಡಲೇ ಅನಾಥಾಲಯಕ್ಕೆ ಫೋನ್ ಮಾಡಬೇಡಿ. ಹಾಗೆ ಕರೆಸಿಕೊಳ್ಳುವ ಅನೇಕ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಸೋದರಮಾವನೋ ಇರುತ್ತಾರೆ. ಇಲ್ಲದಿರುವುದು ದುಡ್ಡು. ಅಂಥ ಮಗು ಮನೆಯಲ್ಲೇ ಇದ್ದು ಹತ್ತಿರದ ಶಾಲೆಗೆ ಹೋಗುವಂತೆ ನೋಡಿಕೊಳ್ಳುವುದೇ ಮೊದಲ ಆಯ್ಕೆಯಾಗಬೇಕು. ಬಾಲನ್ಯಾಯ ಕಾಯ್ದೆ 2015 ಕೂಡ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದೇ ಹೇಳುತ್ತದೆ. ನೀವು ಕೊಡುವ ಹಣ ಹಾಸ್ಟೆಲ್‌ಗೆ ಮಾತ್ರ ಸಿಗುವಂತಿದ್ದರೆ ಬಡ ತಾಯಿ ಮಗುವನ್ನು ಅಲ್ಲಿಗೆ ಬಿಡಲೇಬೇಕಾಗುತ್ತದೆ. ಶಾಲೆಯೇ ದೂರ, ಮನೆಯಲ್ಲಿ ಕುಡಿತ, ಹೊಡೆತ, ಅಥವಾ ನೋಡಿಕೊಳ್ಳುವವರೇ ಇಲ್ಲ ಎಂದಾದರೆ ಮಾತ್ರ ಬೋರ್ಡಿಂಗ್.

ಮನೆಯ ಸ್ಥಿತಿ ತಿಳಿಯಲು ಚರ್ಚ್‌ನ ವಿನ್ಸೆಂಟ್ ಪಾವ್ಲ್ ಸಭೆಯವರನ್ನು ಕೇಳಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಈ ಸಭೆಯ ಸದಸ್ಯರು ಇವತ್ತಿಗೂ ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಿ ಬರುತ್ತಾರೆ. ಯಾವ ಮನೆಯ ಒಲೆ ಹೊತ್ತುತ್ತಿಲ್ಲ ಎನ್ನುವುದು ಅವರಿಗೆ ಗೊತ್ತು. ಸಿಎಸ್‌ಐ (ಪ್ರೊಟೆಸ್ಟೆಂಟರ ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಸಭಾಪಾಲಕರು, ಸ್ತ್ರೀಯರ ಅನ್ಯೋನ್ಯಕೂಟದವರು ಇದೇ ಕೆಲಸ ಮಾಡುತ್ತಾರೆ.

ಇನ್ನೊಂದು ಮಾತು. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮನೆಯಲ್ಲಿದ್ದು ಓದುವ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೆರವು ಇದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಬಾರದು. ಅರ್ಜಿ ಹೋಗಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ವಿಧವೆ ತಾಯಿಗೆ ಈ ಅರ್ಜಿ ತುಂಬಿಸಿಕೊಟ್ಟು, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಗಂಡನ ಮರಣ ಪ್ರಮಾಣಪತ್ರ ಜೋಡಿಸಿಕೊಟ್ಟರೆ ನಿಮ್ಮ ಹಣಕ್ಕಿಂತ ದೊಡ್ಡ ಉಪಕಾರವಾಗುತ್ತದೆ. ಇದು ಸಿಕ್ಕರೆ ನಿಮ್ಮ ಕೊಡುಗೆ ಶಾಲೆಯ ಖರ್ಚಿಗೆ ಪೂರ್ತಿ ಉಳಿಯುತ್ತದೆ.

ಹಂತ 2: ಸಂಸ್ಥೆಯಾದರೆ ಕಾಗದ ನೋಡಿ

ಅನಾಥ ಮಕ್ಕಳನ್ನು ಇಟ್ಟುಕೊಂಡಿರುವ ಯಾವುದೇ ಸಂಸ್ಥೆ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿಯಾಗಿರಬೇಕು. ನೋಂದಣಿಯ ಅವಧಿ 5 ವರ್ಷ. ಮಗು ಅಲ್ಲಿರುವುದಕ್ಕೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶವೂ ಇರಬೇಕು. ಇವೆರಡನ್ನು ಕೇಳಿದರೆ ಸಿಸ್ಟರ್ ಬೇಸರ ಮಾಡಿಕೊಳ್ಳುವುದಿಲ್ಲ. ಸರಿಯಾಗಿ ನಡೆಸುವವರು ನೋಂದಣಿ ಪತ್ರವನ್ನು ಕಚೇರಿಯ ಗೋಡೆಗೇ ತೂಗುಹಾಕಿರುತ್ತಾರೆ. ‘ದೇವರ ಕೆಲಸಕ್ಕೆ ಕಾಗದ ಯಾಕೆ’ ಎಂದು ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಬೇರೆ ರಾಜ್ಯದಿಂದ ಮಕ್ಕಳನ್ನು ಗುಂಪಾಗಿ ಕರೆತಂದಿದ್ದು, ಸಮಿತಿಯ ಆದೇಶ ಇಲ್ಲವೆಂದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

‘ತಿಂಗಳಿಗೆ ಇಷ್ಟು ಕೊಡಿ, ಈ ಫೋಟೊಗಳಲ್ಲಿ ನಿಮ್ಮ ಮಗುವನ್ನು ಆರಿಸಿ’ ಎಂದು ಮಕ್ಕಳ ಮುಖಗಳನ್ನು ಸೀರೆ ಅಂಗಡಿಯ ಕ್ಯಾಟಲಾಗ್‌ನಂತೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರನ್ನು ದೂರವಿಡಿ. ಆಸರೆ ಬೇಕಾದ ಮಗುವಿನ ಹೆಸರು, ಚಿತ್ರ, ಶಾಲೆ, ವಿಳಾಸ ಬಹಿರಂಗ ಮಾಡುವುದು ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ನಿಮಗೂ ಅನ್ವಯ. ಹುಟ್ಟುಹಬ್ಬಕ್ಕೆ ಹೋಗಿ ಕೇಕ್ ಕತ್ತರಿಸಿ ಮಕ್ಕಳ ಜತೆ ತೆಗೆದ ಸೆಲ್ಫಿಯನ್ನು ಸ್ಟೇಟಸ್‌ಗೆ ಹಾಕಬೇಡಿ.

ಹಂತ 3: ಲೆಕ್ಕ – ಎಲ್ಲರೂ ತಪ್ಪುವುದು ಇಲ್ಲೇ

ಮೊದಲು, ಮಗು ಸೇರುವ ವಿಭಾಗ ಯಾವುದು ಎಂದು ಸ್ಪಷ್ಟ ಮಾಡಿಕೊಳ್ಳಿ. ಒಂದೇ ಕಾಂಪೌಂಡಿನೊಳಗೆ, ಒಂದೇ ಸಂತರ ಹೆಸರಿನಲ್ಲಿ ಅನುದಾನಿತ ಕನ್ನಡ ಮಾಧ್ಯಮವೂ ಅನುದಾನರಹಿತ ಇಂಗ್ಲಿಷ್ ಮಾಧ್ಯಮವೂ ಇರುವುದು ನಮ್ಮಲ್ಲಿ ಮಾಮೂಲು. ಅನುದಾನಿತ ವಿಭಾಗದಲ್ಲಿ ಪಠ್ಯಪುಸ್ತಕ ಉಚಿತ, ಹತ್ತನೇ ತರಗತಿವರೆಗೆ ಬಿಸಿಯೂಟ ಉಂಟು, ಶುಲ್ಕ ಕಡಿಮೆ. ಅನುದಾನರಹಿತ ವಿಭಾಗದಲ್ಲಿ ಇವು ಯಾವುವೂ ಇಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಮಾತಾಡುತ್ತ, ನಾಲ್ಕನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ‘ಒಳ್ಳೆಯದಾಗಲಿ’ ಎಂದು ಐದನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಎತ್ತಿ ಹಾಕಬೇಡಿ. ಮನೆ ಬಿಟ್ಟ ದುಃಖದ ಜತೆಗೆ ಪಾಠವೂ ಅರ್ಥವಾಗದೆ ಮಗು ಕುಗ್ಗಿಹೋಗುತ್ತದೆ. ಅನುದಾನಿತ ಕನ್ನಡ ಮಾಧ್ಯಮ, ಸಂಜೆ ಒಂದು ಗಂಟೆ ಇಂಗ್ಲಿಷ್ ಟ್ಯೂಷನ್: ಈ ಜೋಡಣೆಗೆ ಖರ್ಚು ಕಡಿಮೆ, ಗುಣ ಹೆಚ್ಚು.

ಈಗ ಒಂದು ವರ್ಷದ ಪಟ್ಟಿ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಇಟ್ಟ ಮಾದರಿ. ನಿಮ್ಮ ಶಾಲೆಯ ನಿಜ ಅಂಕಿಗಳನ್ನು ಹೆಡ್‌ಮಾಸ್ಟರ್, ವಾರ್ಡನ್ ಇಬ್ಬರಿಂದಲೂ ಬರಹದಲ್ಲಿ ಪಡೆದು ತುಂಬಿಕೊಳ್ಳಿ. ಊಟ, ವಸತಿ ತಿಂಗಳಿಗೆ 2,000ದಂತೆ 10 ತಿಂಗಳಿಗೆ 20,000. ಶಾಲೆಯ ಶುಲ್ಕ 3,000. ಸಮವಸ್ತ್ರ, ಶೂ, ಕೊಡೆ 3,500. ನೋಟ್‌ಬುಕ್, ಜಾಮಿಟ್ರಿ ಬಾಕ್ಸ್, ಪರೀಕ್ಷಾ ಶುಲ್ಕ 1,500. ಪ್ರಯಾಣ, ಔಷಧ 2,000. ಒಟ್ಟು 30,000.

ಐದರಿಂದ ಹತ್ತರವರೆಗೆ ಆರು ವರ್ಷ. ಆರು ಸಲ 30,000 ಎಂದರೆ 1,80,000. ಹಾಗಾದರೆ ತಿಂಗಳಿಗೆ 2,500 ಸಾಕು ಎಂದು ಹೆಚ್ಚಿನವರು ಲೆಕ್ಕ ಮುಗಿಸುತ್ತಾರೆ. ತಪ್ಪುವುದು ಇಲ್ಲಿ. ಅಕ್ಕಿ, ಗ್ಯಾಸ್, ಅಡುಗೆಯವರ ಸಂಬಳ ಏರುತ್ತದೆ, ಶುಲ್ಕವೂ ಏರುತ್ತದೆ. ವರ್ಷಕ್ಕೆ ನೂರಕ್ಕೆ 8ರಂತೆ ಏರಿಕೆ ಹಿಡಿದರೆ 30,000 ಇದ್ದದ್ದು 32,400, 34,992, 37,791, 40,815 ಆಗಿ, ಹತ್ತನೇ ತರಗತಿಗೆ ಬರುವಾಗ 44,080 ಆಗಿರುತ್ತದೆ. ಕೂಡಿಸಿದರೆ 2,20,000 ದಾಟುತ್ತದೆ. ಕೊರತೆ ಬೀಳುವ 40,000 ಸುರಿಯುವುದು ಕೊನೆಯ ವರ್ಷಗಳಲ್ಲಿ, ಮಗು ಎಸ್‌ಎಸ್‌ಎಲ್‌ಸಿಯ ಹೊಸ್ತಿಲಲ್ಲಿ ನಿಂತಾಗ.

ಇದಕ್ಕೆ ದಾರಿ ಸುಲಭವಿದೆ. ಮೊದಲ ತಿಂಗಳಿಂದಲೇ 3,100 ಎತ್ತಿಡಿ. ಮೊದಲ ವರ್ಷ 37,200 ಆಗುತ್ತದೆ. 30,000 ಶಾಲೆಗೆ, ಉಳಿದ 7,200 ನಿಮ್ಮದೇ ಹೆಸರಿನ ಆರ್‌ಡಿಗೆ (ಬ್ಯಾಂಕಿನ ತಿಂಗಳ ಕಂತಿನ ಠೇವಣಿಗೆ). ಕೊನೆಯ ವರ್ಷಗಳಲ್ಲಿ ಆ ಆರ್‌ಡಿ ಕೈ ಹಿಡಿಯುತ್ತದೆ. ಇದರ ಹೊರತಾಗಿ ಇಡೀ ಒಂದು ವರ್ಷದ ಖರ್ಚನ್ನು ಮೊದಲೇ ಪಕ್ಕಕ್ಕೆ ತೆಗೆದಿಡಿ. ಅದು ಕೈಯಲ್ಲಿಲ್ಲದೆ ಒಂದು ಮಗುವಿನ ಹೊಣೆ ಒಬ್ಬರೇ ಹೊರಬೇಡಿ. ನಾಲ್ಕು ಮನೆಯವರು ಸೇರಿ ಒಂದು ಮಗುವನ್ನು ನೋಡಿಕೊಂಡರೆ ಒಬ್ಬರು ಬಿದ್ದರೂ ಉಳಿದ ಮೂವರು ಎತ್ತುತ್ತಾರೆ. ಒಬ್ಬರೇ ಎರಡು ಮಕ್ಕಳ ಭಾರ ಹೊರುವುದಕ್ಕಿಂತ ಎಂಟು ಮನೆ ಸೇರಿ ಎರಡು ಮಕ್ಕಳನ್ನು ಓದಿಸುವುದೇ ಭದ್ರ.

ಪಟ್ಟಿಯಲ್ಲಿ ಸದಾ ಬಿಟ್ಟುಹೋಗುವ ಖರ್ಚುಗಳು ಕೆಲವಿವೆ. ಜೂನ್ ಮೊದಲ ವಾರ ಹಾಸ್ಟೆಲ್‌ಗೆ ಬಂದ ಮಗುವಿನ ಟ್ರಂಕ್ ತೆರೆದು ನೋಡಿದರೆ ಗೊತ್ತಾಗುತ್ತದೆ. ಎರಡು ಜೊತೆ ಸಮವಸ್ತ್ರ ಇರುತ್ತದೆ, ಎರಡೂ ಒದ್ದೆ. ಕರಾವಳಿಯ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಒಗೆದ ಬಟ್ಟೆ ಒಣಗಲು ಮೂರು ದಿನ ಬೇಕು, ಹಾಗಾಗಿ ಮೂರು ಜೊತೆ ಕೊಡಿಸಿ, ಒಳಉಡುಪು ಆರು ಜೊತೆ. ಕಪ್ಪು ಶೂಗೆ ಎರಡೇ ವಾರದಲ್ಲಿ ಬೂಸ್ಟು ಹಿಡಿದಿರುತ್ತದೆ. ಮಳೆಗಾಲ ಮುಗಿಯುವವರೆಗೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಹಾಕಲು ಶಾಲೆಯವರು ಬಿಡುತ್ತಾರೆಯೇ ಎಂದು ಕೇಳಿ, ಶೂವನ್ನು ಸೆಪ್ಟೆಂಬರ್‌ನಲ್ಲಿ ಕೊಳ್ಳಿ. ಶಾಲೆ ಶುರುವಾಗುವ ಹೊತ್ತಿಗೆ ಫುಟ್‌ಪಾತ್ ಮೇಲೆ ಕಡಿಮೆ ಬೆಲೆಗೆ ಸಿಗುವ ಬಣ್ಣದ ಬ್ಯಾಗ್‌ಗಳ ಜಿಪ್ ದಸರಾ ರಜೆಯವರೆಗೂ ಬಾಳುವುದಿಲ್ಲ. ಕ್ಯಾನ್ವಾಸ್ ಬ್ಯಾಗ್, ಬಕಲ್ ಇರುವುದೇ ಲೇಸು. ಬಟ್ಟೆಗೆ ಮಾರ್ಕರ್‌ನಲ್ಲಿ ಹೆಸರು ಬರೆದರೆ ನಾಲ್ಕು ಒಗೆತಕ್ಕೆ ಅಳಿಸುತ್ತದೆ, ಕಾಲರ್ ಒಳಗೆ ದಾರದಲ್ಲಿ ಹೊಲಿಸಿ. ಬೀಗದ ಎರಡನೇ ಕೀಲಿ ವಾರ್ಡನ್ ಕೈಯಲ್ಲಿರಲಿ. ಹೆಣ್ಣುಮಗುವಾದರೆ ಪ್ಯಾಡ್‌ನ ಖರ್ಚು ತಿಂಗಳ ಲೆಕ್ಕದಲ್ಲೇ ಸೇರಲಿ, ಅದನ್ನು ಆಕೆ ಬಾಯಿಬಿಟ್ಟು ಕೇಳುವಂತೆ ಆಗಬಾರದು. ಹಲಗೆ ಕಾಣದ್ದಕ್ಕೆ ‘ದಡ್ಡ’ ಎನಿಸಿಕೊಂಡ ಮಕ್ಕಳಿದ್ದಾರೆ, ಆದ್ದರಿಂದ ಸೇರಿದ ಮೊದಲ ತಿಂಗಳಲ್ಲೇ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ.

ರಜೆಯ ಬಸ್ ಚಾರ್ಜ್ ಮರೆಯಬೇಡಿ. ಕ್ರಿಸ್ಮಸ್ ರಜೆಗೆ ಎಲ್ಲರೂ ಊರಿಗೆ ಹೊರಟಾಗ ಬಸ್ಸಿಗೆ ಹಣವಿಲ್ಲದೆ ಹಾಸ್ಟೆಲ್‌ನಲ್ಲೇ ಉಳಿದು, ಗೇಟಿನ ಬಳಿ ನಿಂತು ನೋಡುವ ಮಗುವಿಗೆ ಆ ಇನ್ನೂರು, ಮುನ್ನೂರು ರೂಪಾಯಿಯೇ ವರ್ಷದ ದೊಡ್ಡ ಕೊಡುಗೆ. ರಜೆಯಲ್ಲಿ ಮಗು ಯಾರ ಮನೆಗೆ ಹೋಗುತ್ತದೆ, ಯಾರು ಬಂದು ಕರೆದುಕೊಂಡು ಹೋಗುತ್ತಾರೆ ಎನ್ನುವುದು ಸೇರಿಸುವ ದಿನವೇ ಬರಹದಲ್ಲಿರಬೇಕು.

ಹಂತ 4: ಹಣ ಹೋಗುವ ದಾರಿ

ಯಾರದೇ ವೈಯಕ್ತಿಕ ಖಾತೆಗೆ, ಗುರುಗಳದ್ದಾಗಲಿ ವಾರ್ಡನ್‌ರದ್ದಾಗಲಿ, ಹಾಕಬೇಡಿ. ಶಾಲೆಯ ಶುಲ್ಕ ಶಾಲೆಯ ಖಾತೆಗೆ, ಹಾಸ್ಟೆಲ್ ಶುಲ್ಕ ಹಾಸ್ಟೆಲ್ ಖಾತೆಗೆ, ಎರಡು ಬೇರೆ ರಸೀದಿ. ಮಗು ಮನೆಯಲ್ಲಿದ್ದರೆ ತಾಯಿಯ ಖಾತೆಗೆ ಹಾಕಬಹುದು. ಆಗಲೂ ಶುಲ್ಕ ಮಾತ್ರ ನೇರ ಶಾಲೆಗೇ ಹೋಗಲಿ.

ತೆರಿಗೆಯ ವಿಚಾರದಲ್ಲಿ ತಪ್ಪು ನಂಬಿಕೆ ಬಹಳ. ಬೇರೆಯವರ ಮಗುವಿನ ಶುಲ್ಕ ಕಟ್ಟಿದರೆ ಶಾಲಾ ಶುಲ್ಕದ ತೆರಿಗೆ ವಿನಾಯಿತಿ (1961ರ ಆದಾಯ ತೆರಿಗೆ ಕಾಯ್ದೆಯ 80ಸಿ) ಸಿಗುವುದಿಲ್ಲ, ಅದು ಸ್ವಂತ ಮಕ್ಕಳಿಗೆ ಮಾತ್ರ. ದೇಣಿಗೆಯ ವಿನಾಯಿತಿ (ಅದೇ ಕಾಯ್ದೆಯ 80ಜಿ) ಬೇಕಾದರೆ ಆ ಅನುಮೋದನೆ ಇರುವ ಸಂಸ್ಥೆಗೆ ದೇಣಿಗೆಯಾಗಿ ಕೊಟ್ಟು, ವರ್ಷದ ಕೊನೆಗೆ ದೇಣಿಗೆಯ ಪ್ರಮಾಣಪತ್ರ ಪಡೆಯಬೇಕು. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಜಿಯೇ ಇಲ್ಲ. ಒಂದೇ ಧರ್ಮದವರ ಹಿತಕ್ಕೆಂದು ರಚನೆಯಾದ ಟ್ರಸ್ಟ್‌ಗೆ ಸಾಮಾನ್ಯವಾಗಿ ಈ ಅನುಮೋದನೆ ಸಿಗುವುದಿಲ್ಲ. ಅನುಮೋದನೆ ಇರುವ ಸಂಸ್ಥೆಯೂ ಆದಾಯದ ನೂರಕ್ಕೆ 5ಕ್ಕಿಂತ ಹೆಚ್ಚು ಹಣವನ್ನು ಧಾರ್ಮಿಕ ಕೆಲಸಕ್ಕೆ ಬಳಸುವಂತಿಲ್ಲ. ಆದ್ದರಿಂದ ಓದು, ಊಟದ ಹಣ ಬೇರೆ, ಧರ್ಮೋಪದೇಶದ ಖರ್ಚಿನ ಹಣ ಬೇರೆ ಎಂದೇ ಕೊಡಿ. ಎರಡನೆಯದನ್ನು ಚರ್ಚ್‌ಗೆ, ವಿನಾಯಿತಿಯ ಆಸೆ ಬಿಟ್ಟು ಕೊಡಿ.

ಹೊರದೇಶದಲ್ಲಿರುವವರಿಗೆ ಇನ್ನೊಂದು ಎಚ್ಚರಿಕೆ. ಭಾರತದ ಪಾಸ್‌ಪೋರ್ಟ್ ಇರುವವರು ದುಬೈ, ಕುವೈತ್‌ನಿಂದ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟ್ ಪ್ರತಿಯನ್ನು ಸಂಸ್ಥೆಗೆ ಕೊಟ್ಟಿಡಿ. ಅಮೆರಿಕ, ಬ್ರಿಟನ್, ಕೆನಡಾದ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಕೊಡುವುದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು, ಅದೂ ನವದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಇನ್ನೊಂದಕ್ಕೆ ಈ ಹಣ ದಾಟಿಸುವಂತಿಲ್ಲ. ಊರಿನ ಸ್ನೇಹಿತನ ಖಾತೆಗೆ ಹಾಕಿ ಅಲ್ಲಿಂದ ಹಾಸ್ಟೆಲ್‌ಗೆ ಕೊಡಿಸುವ ಅಡ್ಡದಾರಿ ಹಿಡಿಯಬೇಡಿ. ತೊಂದರೆಗೆ ಸಿಲುಕುವುದು ಮಕ್ಕಳಿರುವ ಸಂಸ್ಥೆ.

ಹಂತ 5: ‘ಕ್ರೈಸ್ತ ಶಿಕ್ಷಣ’ ಎಂದರೆ ಇಲ್ಲಿ ಏನು

ಕ್ರೈಸ್ತ ಶಾಲೆಯ ಫೀಸು ಕಟ್ಟಿದರೆ ಮಗುವಿಗೆ ಧರ್ಮದ ತಿಳಿವಳಿಕೆ ತಾನಾಗಿ ಬರುತ್ತದೆ ಎಂದು ಭಾವಿಸುವವರು ಬಹಳ. ಹಾಗಾಗುವುದಿಲ್ಲ. ಎಷ್ಟೋ ಕ್ರೈಸ್ತ ಶಾಲೆಗಳಲ್ಲಿ ಕ್ರೈಸ್ತೇತರ ಮಕ್ಕಳೇ ಹೆಚ್ಚು. ವೇಳಾಪಟ್ಟಿಯಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಅದೇ ಹೊತ್ತಿನಲ್ಲಿ ಉಳಿದವರಿಗೆ ಮೌಲ್ಯ ಶಿಕ್ಷಣ ಇರುತ್ತದೆ. ವಾರಕ್ಕೆ ಎಷ್ಟು ಅವಧಿ, ಯಾರು ಕಲಿಸುತ್ತಾರೆ, ಭಾನುವಾರ ಹಾಸ್ಟೆಲ್ ಮಕ್ಕಳನ್ನು ಯಾವ ಚರ್ಚ್‌ಗೆ ಕರೆದೊಯ್ಯುತ್ತಾರೆ, ಸಂಡೇ ಸ್ಕೂಲ್ ಇದೆಯೇ ಎಂದು ಕೇಳಿ.

ಮಗುವಿನ ಮನೆಯವರು ಯಾವ ಸಭೆಗೆ ಸೇರಿದವರು ಎನ್ನುವುದೂ ಮುಖ್ಯ. ಕಥೋಲಿಕ ಮಗು ಸಿಎಸ್‌ಐ ಬೋರ್ಡಿಂಗ್‌ನಲ್ಲಿದ್ದರೆ ಪ್ರಥಮ ಪರಮಪ್ರಸಾದದ (ಫಸ್ಟ್ ಕಮ್ಯೂನಿಯನ್) ತಯಾರಿ ತಪ್ಪಿಹೋಗುತ್ತದೆ. ಹತ್ತಿರದ ಧರ್ಮಕೇಂದ್ರದ ಗುರುಗಳ ಜತೆ ಮೊದಲೇ ಮಾತಾಡಿ ವ್ಯವಸ್ಥೆ ಮಾಡಿ. ಇದಕ್ಕೆ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಪ್ರಮಾಣಪತ್ರ ಬೇಕು. ತಂದೆ ತಾಯಿ ಇಲ್ಲದ ಮಕ್ಕಳ ಬಳಿ ಅದು ಇರುವುದು ಅಪರೂಪ. ದೀಕ್ಷಾಸ್ನಾನ ಆದ ಚರ್ಚ್‌ನ ರಿಜಿಸ್ಟರ್‌ನಲ್ಲಿ ದಾಖಲೆ ಸಿಗುತ್ತದೆ, ಆದರೆ ಅಂದಾಜು ವರ್ಷ, ತಾಯಿಯ ಹೆಸರು, ಜ್ಞಾನ ತಂದೆತಾಯಿಯ (ಗಾಡ್‌ಪೇರೆಂಟ್ಸ್) ಹೆಸರು ಹೇಳದಿದ್ದರೆ ಹುಡುಕುವವರಿಗೆ ಕಷ್ಟ. ಪರಮಪ್ರಸಾದದ ವರ್ಷ ಬಿಳಿ ಉಡುಪು, ಬಿಳಿ ಶೂ, ಮೇಣದಬತ್ತಿಯ ಖರ್ಚಿದೆ. ಉಡುಪಿಲ್ಲವೆಂದು ‘ಮುಂದಿನ ವರ್ಷ ಮಾಡೋಣ’ ಎಂದು ಮಗುವನ್ನು ಹಿಂದೆ ಉಳಿಸುವುದುಂಟು. ಆ ವರ್ಷವನ್ನು ಡೈರಿಯಲ್ಲಿ ಗುರುತಿಟ್ಟುಕೊಳ್ಳಿ.

ಸತ್ಯವೇದ ಕೊಡಿಸುವುದಾದರೆ ಚಿನ್ನದ ಅಂಚಿನ, ಜಿಪ್ ಇರುವ ಸಣ್ಣ ಪುಸ್ತಕ ಬೇಡ. ಅಕ್ಷರ ಸಾಸಿವೆ ಕಾಳಿನಷ್ಟಿರುತ್ತದೆ, ತೆಳು ಹಾಳೆ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟುತ್ತದೆ. ಐದನೇ ತರಗತಿವರೆಗೆ ಚಿತ್ರಗಳಿರುವ ಬೈಬಲ್ ಕಥೆಗಳ ಪುಸ್ತಕ, ಆಮೇಲೆ ದೊಡ್ಡಕ್ಷರದ ಪೂರ್ಣ ಸತ್ಯವೇದ. ಮಗು ಶಾಲೆಯಲ್ಲಿ ಓದುವ ಭಾಷೆಯಲ್ಲೇ ಇರಲಿ.

ಕ್ರೈಸ್ತರಲ್ಲದ ಮನೆಯ ಮಗುವಿಗೂ ಇಂಥ ಶಾಲೆಯಲ್ಲಿ ಓದುವ ಅವಕಾಶ, ನೆರವು ಪಡೆಯುವ ಅರ್ಹತೆ ಇದೆ. ಸಂವಿಧಾನದ 28(3) ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತ ಮಗುವನ್ನು ಧಾರ್ಮಿಕ ಬೋಧನೆಯಲ್ಲಿ ಕೂರಿಸುವಂತಿಲ್ಲ. ಪೋಷಕರು ಏನು ಹೇಳಿದರು ಎನ್ನುವುದನ್ನು ಬರಹದಲ್ಲಿ ಪಡೆದು ಫೈಲಿನಲ್ಲಿಡಿ. ‘ನಾವು ಓದಿಸುತ್ತೇವೆ, ನೀವು ಚರ್ಚ್‌ಗೆ ಬನ್ನಿ’ ಎಂಬ ಮಾತು ನೇರವಾಗಿಯೂ ಸುತ್ತಿ ಬಳಸಿಯೂ ಬರಬಾರದು. ಅನ್ನದ ಋಣಕ್ಕೆ ಕಟ್ಟಿದ ಪ್ರಾರ್ಥನೆಯನ್ನು ಯೇಸುಸ್ವಾಮಿ ಎಲ್ಲೂ ಕೇಳಿಲ್ಲ.

ಹಂತ 6: ಪತ್ರ, ಭೇಟಿ

ವರ್ಷಕ್ಕೆ ಎರಡು ಪತ್ರ ಸಾಕು, ವಾರ್ಡನ್ ಮೂಲಕ. ಅಂಕ ಕೇಳಬೇಡಿ, ಗೆಳೆಯರ ಬಗ್ಗೆ, ಆಟದ ಬಗ್ಗೆ ಕೇಳಿ. ಫೋನ್ ನಂಬರ್ ಕೊಡಬೇಡಿ. ಭೇಟಿಗೆ ಮೊದಲೇ ತಿಳಿಸಿ ಹೋಗಿ, ಸಿಬ್ಬಂದಿ ಇರುವ ಕಡೆಯೇ ಮಾತಾಡಿ, ಮಗುವನ್ನು ಒಂಟಿಯಾಗಿ ಹೊರಗೆ ಕರೆದೊಯ್ಯಲು ಕೇಳಬೇಡಿ. ಒಂದು ಮಗುವಿಗೆ ಮಾತ್ರ ದುಬಾರಿ ವಾಚ್ ಕೊಟ್ಟರೆ ರಾತ್ರಿ ಆ ಕೋಣೆಯಲ್ಲಿ ಜಗಳ ಖಚಿತ. ಕೊಡುವುದಿದ್ದರೆ ಎಲ್ಲರಿಗೂ ಹಂಚುವಂಥದ್ದು ಕೊಡಿ: ಒಂದು ಕ್ಯಾರಂ ಬೋರ್ಡ್, ಎರಡು ವಾಲಿಬಾಲ್, ಹಬ್ಬಕ್ಕೆ ಒಂದು ಹೊತ್ತಿನ ಕೋಳಿ ಸಾರು.

ಹಂತ 7: ಎಸ್‌ಎಸ್‌ಎಲ್‌ಸಿ ಆದ ಮೇಲೆ

ಮಂಗಳೂರಿಗೆ 1834ರಲ್ಲಿ ಬಂದ, ಸ್ವಿಟ್ಜರ್ಲೆಂಡ್‌ನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಶಾಲೆ ತೆರೆದದ್ದಷ್ಟೇ ಅಲ್ಲ, ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಶುರು ಮಾಡಿದರು. ಓದಿದವನ ಕೈಗೆ ಕೆಲಸವೂ ಬೇಕು ಎಂದು ಅವರಿಗೆ ಗೊತ್ತಿತ್ತು. ಇವತ್ತಿನ ಪ್ರಾಯೋಜಕರು ಅದನ್ನು ಮರೆತು ಹತ್ತನೇ ತರಗತಿಗೆ ಕೈ ತೊಳೆದುಕೊಳ್ಳುತ್ತಾರೆ. ಒಂಬತ್ತನೇ ತರಗತಿಯಲ್ಲೇ ಮಗುವಿನ ಜತೆ, ಟೀಚರ್ ಜತೆ ಕುಳಿತು ಪಿಯುಸಿಯೋ, ಐಟಿಐಯೋ, ಡಿಪ್ಲೊಮಾವೋ ಎಂದು ಮಾತಾಡಿ. ಆ ಮುಂದಿನ ಓದಿನ ಖರ್ಚು ನಿಮ್ಮಿಂದ ಆಗದಿದ್ದರೆ ಈಗಲೇ ಹೇಳಿ, ಬೇರೆಯವರನ್ನು ಹುಡುಕಲು ವರ್ಷ ಸಿಗುತ್ತದೆ. ಮಧ್ಯದಲ್ಲಿ ನಿಲ್ಲಿಸಲೇಬೇಕಾದ ಸಂದರ್ಭ ಬಂದರೂ ಇದೇ ಕ್ರಮ: ಮಾರ್ಚ್‌ಗೆ ಮುಂಚೆ ತಿಳಿಸಿ, ನಡುವರ್ಷದಲ್ಲಿ ಎಂದೂ ನಿಲ್ಲಿಸಬೇಡಿ.

ಸೇರಿಸಿದ ದಿನವೇ ಮಗುವಿನ ಹೆಸರಿನಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಮಾಡಿಸಿ, ವಾರ್ಡನ್ ಬೀರುವಿನಲ್ಲಿಡಿಸಿ. ಜನನ ಪ್ರಮಾಣಪತ್ರ, ಆಧಾರ್, ತಂದೆ ತಾಯಿಯ ಮರಣ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ನಂಬರ್, ಶಾಲೆಯ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಸಂಖ್ಯೆ), ದೀಕ್ಷಾಸ್ನಾನದ ಪತ್ರ, ಸಮಿತಿಯ ಆದೇಶ, ವರ್ಷಕ್ಕೊಂದು ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್. ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಎಲ್ಲದರಲ್ಲೂ ಒಂದೇ ಇದೆಯೇ ಎಂದು ಎಂಟನೇ ತರಗತಿಗೆ ಮುಂಚೆ ಒಮ್ಮೆ ತಾಳೆ ನೋಡಿ. ಆಧಾರ್‌ನಲ್ಲಿ ‘ಡಿಸೋಜ’, ಶಾಲೆಯಲ್ಲಿ ‘ಡಿಸೋಜಾ’, ದೀಕ್ಷಾಸ್ನಾನದ ಪತ್ರದಲ್ಲಿ ‘ಸೋಜ್’ ಎಂದಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕು. ಮಗು ಸಂಸ್ಥೆ ಬಿಡುವ ದಿನ ವರ್ಗಾವಣೆ ಪತ್ರವನ್ನೂ ಸೇರಿಸಿ, ಒಂದು ಪ್ರತಿ ಕಚೇರಿಯಲ್ಲಿ ಉಳಿಸಿಕೊಂಡು, ಮೂಲ ಫೈಲನ್ನು ಸಹಿ ಪಡೆದು ಅದರ ಕೈಗೇ ಕೊಡಬೇಕು.